ಉಗುರುಮೀನಿನ ಹಾಸಿಗೆ

ಹುಣಸಿಹೊಂಡದ ಒರತೆ,
ಇಸವಿ ೨೩೧೨, ಮೂರನೇ ಬೇಸಿಗೆ, ಆರನೇ ದಿನ

ಮುನ್ನೂರು ವರ್ಷ ಹಿಂದಿನವರೇ,

ಒರತೆಯ ಬಂಡೆಯನ್ನು ಉಜ್ಜಿ ತೊಳೆದವಳು ನಾನು. ಎರಡು ವರ್ಷ ಇದನ್ನು ಬಚ್ಚಿಟ್ಟೆ. ಮೀನು ಯಾಕೆ ಕಡಿಮೆಯಾದವು ಎಂದು ಕೇಳಿದವರಿಗೆಲ್ಲ ಬಿಸಿಲು ಎನ್ನುತ್ತಿದ್ದೆ.

ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ, ಆರನೇ ತರಗತಿಗೇ ಶಾಲೆ ಬಿಟ್ಟೆ. ನಿಮ್ಮ ಕಾಲದ ರಾಯಚೂರು ಸೀಮೆ ಈಗ ಮರಳುಗಾಡು. ಬೆವರುಗಂಟೆಯಲ್ಲಿ, ಅಂದರೆ ಹೊತ್ತು ಮಾರುದ್ದ ಏರಿದಾಗಿನಿಂದ ಇಳಿಯುವವರೆಗೆ, ಯಾರೂ ನೆಲಮನೆಯಿಂದ ಹೊರಬರುವುದಿಲ್ಲ. ಜೋಳವನ್ನು ನೆಲದಡಿ ದೀಪದ ಬೆಳಕಿನಲ್ಲಿ ಬೆಳೆಯುತ್ತೇವೆ, ರೊಟ್ಟಿಯನ್ನು ಕಾದ ಬಂಡೆಯ ಮೇಲೆ ಸುಡುತ್ತೇವೆ. ಇರುವುದೊಂದೇ ಒರತೆ. ಅದರ ಬೆಚ್ಚಗಿನ ನೀರಿನಲ್ಲಿ ಉಗುರುಮೀನು ಇದ್ದವು, ಕಿರುಬೆರಳ ಉಗುರಿನಷ್ಟು, ನೀಲಿ ಬಣ್ಣ. ಬೇರೆಲ್ಲೂ ಉಳಿದಿರಲಿಲ್ಲ. ಅವು ಇರುವವರೆಗೆ ಒರತೆಗೆ ಪಂಪು ಹಾಕುವಂತಿಲ್ಲ ಎಂದು ಹಳೆಯ ಕಾನೂನು. ಹಾಗಾಗಿ ಕೊಳವೆಯವರು, ಅಂದರೆ ದೂರದ ಪಟ್ಟಣಗಳಿಗೆ ನೀರೆಳೆಯುವವರು, ದಂಡೆಯವರೆಗೆ ಬಂದು ಹಿಂದಿರುಗುತ್ತಿದ್ದರು. ಅಷ್ಟು ಸಣ್ಣ ಮೀನು ನಮ್ಮ ನಲವತ್ತು ಮನೆಗಳನ್ನು ಕಾಯುತ್ತಿತ್ತು.

ಮೀನನ್ನು ಕಾಯುತ್ತಿದ್ದವಳು ಅಂಬ್ರವ್ವ ಆಯಿ. ಕಣ್ಣು ಮಂಜಾದ ಮೇಲೆ ಕೆಲಸ ನನಗೆ ಒಪ್ಪಿಸಿ ಮಗಳ ಊರಿಗೆ ಹೊರಟಳು. "ಹುಲಿಗಿ, ನಿನ್ನ ಕಾಲಂತೂ ಒಂದ್ ಕಡೆ ನಿಂದ್ರೂದಿಲ್ಲ, ಕೈಯರ ಸುಮ್ನಿಟ್ಕೋ. ಹಾಸಿಗಿ ಮಾತ್ರ ಮುಟ್ಟಬ್ಯಾಡ," ಎಂದಳು. ಒರತೆ ಕಾಯುವವರ ಗುಡಿಸಲಿನಲ್ಲಿ ಅವಳ ಕೌದಿ ಹಾಸಿತ್ತು. ನಾನು ಅದನ್ನು ಮುಟ್ಟದೆ ಬರಿ ನೆಲದ ಮೇಲೆ ಮಲಗಿದೆ. ಕೈ ಸುಮ್ಮನಿರಲಿಲ್ಲ. ನೀರಿನೊಳಗಿನ ಬಂಡೆಗೆ ಹತ್ತಿದ್ದ ಪಾಚಿಯನ್ನು ಗೋಣಿಚೀಲದಿಂದ ಉಜ್ಜಿ ಉಜ್ಜಿ ತೆಗೆದೆ. ಒರತೆ ಈಗ ಒರತೆಯ ಹಾಗೆ ಕಾಣುತ್ತದೆ ಎಂದು ಊರವರು ಹೊಗಳಿದರು.

ಆಮೇಲೆ ಮರಿಗಳು ಕಾಣಲಿಲ್ಲ. ಆಯಿಗೆ ಹೇಳಿಕಳಿಸಿದೆ. "ಹಾಸಿಗಿಯೊಳಗ ತತ್ತಿ ಅದಾವೇನು, ನೋಡಂತ ಹೇಳ್ರಿ," ಎಂದು ಉತ್ತರ ಬಂತು. ಆಯಿ ಹಾಸಿಗೆ ಎಂದದ್ದು ಪಾಚಿಗೆ ಎಂದು ಆಗ ತಿಳಿಯಿತು. ಪಾಚಿ ಮತ್ತೆ ಹತ್ತಲಿಲ್ಲ. ಉಗುರುಮೀನಿನ ಆಯುಸ್ಸು ಎರಡೇ ವರ್ಷ.

ನಿನ್ನೆ ಕೊನೆಯದು ಮಗ್ಗುಲಾಗಿ ತೇಲಿತು. ಇವತ್ತು ಮೀನು ಎಷ್ಟಿವೆ ಎಂದು ಕೊಳವೆಯವರಿಗೆ ವರದಿ ಬರೆಯುವ ದಿನ. ಊರಿನ ಹಿರಿಯ ಯಮನಪ್ಪ ಕಾಕಾ ಪಕ್ಕದಲ್ಲಿ ಕೂತು, "ಐದದಾವ ಅಂತ ಬರಿಯವ್ವ. ಅವರೇನು ಚಡ್ಡಿ ಏರಿಸಿ ಹೊಂಡಕ್ಕ ಇಳೀತಾರ?" ಎಂದ. ನನ್ನಿಂದಾಗಲಿಲ್ಲ. ಇಲ್ಲ ಎಂದು ಬರೆದೆ. ಯಾಕಿಲ್ಲ ಎಂಬುದನ್ನೂ ಬರೆದು ಎಲ್ಲರ ಮುಂದೆ ಓದಿದೆ. ಕಾಕಾ ಬೈಯಲಿಲ್ಲ. "ಇನ್ನ ನಿನ್ನ ಖರೇನ ಕುಡದು ಬದಕೂನೇನು?" ಎಂದು ಎದ್ದು ಹೋದ.

ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಈ ಮೀನು ಹತ್ತಾರು ಹೊಂಡಗಳಲ್ಲಿತ್ತು ಎಂದು ಆಯಿ ಹೇಳುತ್ತಿದ್ದಳು. ಇದ್ದರೆ, ಪಾಚಿಗೆ ಕೈ ಹಾಕಬೇಡಿ. ನೋಡಲು ಕೊಳೆಯ ಹಾಗೇ ಇರುತ್ತದೆ. ಈ ಕಾಗದ ನಿಮಗೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಬರೆದೆ.

ವಾರದೊಳಗೆ ಪಂಪು ಬರುತ್ತದೆ. ಎಲ್ಲ ಮನೆಗಳಲ್ಲೂ ಗಂಟು ಕಟ್ಟುತ್ತಿದ್ದಾರೆ. ತಮ್ಮ ಜೊತೆ ಬಾ ಎಂದು ಯಾರೂ ನನ್ನನ್ನು ಕರೆದಿಲ್ಲ. ನಾಳೆ ಬೆವರುಗಂಟೆಗೆ ಮೊದಲು ನಾನು ಹೊರಡುತ್ತೇನೆ.

ಹುಲಿಗಿ