ಪುಂಡನ ಪರೀಕ್ಷೆ

ಭಾನುವಾರ, ಮಧ್ಯಾಹ್ನ

ಪುಂಡನ ಯಜಮಾನರಿಗೆ, ಅವನನ್ನು ಸಾಕುತ್ತಿರುವವಳ ನಮಸ್ಕಾರ.

ನಾನು ಕ್ಷೇಮ. ನೀವೂ ಹಾಗೇ ಇರಬಹುದು ಎಂದುಕೊಂಡಿದ್ದೇನೆ. ನನ್ನನ್ನು ಒಂದು ಮಾತೂ ಕೇಳದೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದವರಿಗೆ ಪತ್ರ ಬರೆಯಬಾರದೆಂದೇ ಇದ್ದೆ. ಆದರೆ ನೀವು ಬಿಟ್ಟುಹೋದ ನಾಯಿ ಈಗ ಅಂತಿಂಥ ನಾಯಿಯಲ್ಲ, ಸರ್ಟಿಫಿಕೇಟ್ ಪಡೆದ ನಾಯಿ. ಅದನ್ನು ನಿಮಗೆ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

ಪಾರ್ಶ್ವವಾಯುವಾಗಿ ಆರೈಕೆ ಕೇಂದ್ರ ಸೇರಿದ ಮೇಲೆ ಅತ್ತೆ ಬಲಗೈ ಆಡಿಸಲು ಒಪ್ಪುತ್ತಲೇ ಇರಲಿಲ್ಲ, ನಿಮಗೆ ಗೊತ್ತಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ಮೆತ್ತನೆಯ ಚೆಂಡು ಕೊಟ್ಟರೆ, "ನಾನೇನು ಮಗುವಾ?" ಎಂದು ಮುಖ ತಿರುಗಿಸುತ್ತಿದ್ದರು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಪುಂಡ ಎಲ್ಲೇ?" ಕರೆತರೋಣವೆಂದರೆ, ಪರೀಕ್ಷೆ ಪಾಸಾದ ನಾಯಿಗೆ ಮಾತ್ರ ಒಳಗೆ ಪ್ರವೇಶವೆಂದು ಅಲ್ಲಿನ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಪುಂಡನಿಗೆ ಪರೀಕ್ಷೆ! ಸೋಫಾದ ಹೊಟ್ಟೆ ಬಗೆದವನಿಗೆ! ನನಗೆ ನಗು ಬಂತು. ಆದರೂ ಹಟ ಹಿಡಿದು ತರಬೇತಿಗೆ ಸೇರಿಸಿದೆ.

ಪರೀಕ್ಷೆಯ ದಿನ ದಪ್ಪ ಮೀಸೆಯ ಪರೀಕ್ಷಕರು ಅವನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದರು. ಅವನು ಕಿವಿ ಅಲ್ಲಾಡಿಸಿದ, ಅಷ್ಟೇ. ಕಿಟಾರನೆ ಕಿರುಚಿದವಳು ನಾನು. ಗಾಲಿಕುರ್ಚಿಯೊಂದು ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಅವನು ಕೂತಲ್ಲೇ ಕೂತಿದ್ದ, ನಾನು ಹಗ್ಗ ಜಗ್ಗಿದೆ. ಮುಂದೆ ಬಿಸ್ಕತ್ತು ಇಟ್ಟರು. ಅವನು ಜೊಲ್ಲು ಸುರಿಸುತ್ತ ನನ್ನ ಮುಖ ನೋಡಿದ. "ಬೇಡ ಕಣೋ, ಬೇಡ" ಎನ್ನುತ್ತ ನಾನು ಅಳುವುದೊಂದು ಬಾಕಿ.

ಕೊನೆಗೆ ಪರೀಕ್ಷಕರು, "ನಾಯಿ ಪಾಸಮ್ಮಾ. ನೀವು ಫೇಲು" ಎಂದರು. ನಾಯಿಗೂ ಅದನ್ನು ಹಿಡಿದವರಿಗೂ ಸೇರಿಯೇ ಸರ್ಟಿಫಿಕೇಟಂತೆ! "ನಿಮ್ಮ ಭಯ ಹಗ್ಗದಲ್ಲೇ ಅದಕ್ಕೆ ಗೊತ್ತಾಗುತ್ತೆ. ಅದನ್ನ ನಂಬಿ, ಕೈ ಸಡಿಲ ಬಿಡಿ."

ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಆಮೇಲೆ ಪಕ್ಕದ ಮನೆಯ ಅಜ್ಜಿಯನ್ನು ಕರೆದು, ನನಗೆ ಹೇಳದೆ ಕೇಳದೆ ಪಾತ್ರೆ ಬೀಳಿಸಬೇಕೆಂದು ಬೇಡಿಕೊಂಡೆ. ಅವರಿಗೆ ಈ ಕೆಲಸ ಎಷ್ಟು ಹಿಡಿಸಿತೆಂದರೆ, ಹೊತ್ತುಗೊತ್ತಿಲ್ಲದೆ ಬಂದು ಬೀಳಿಸತೊಡಗಿದರು. ನಮ್ಮ ಮನೆಯ ಒಂದು ಪಾತ್ರೆಗೂ ಈಗ ನೆಟ್ಟಗಿನ ತಳವಿಲ್ಲ. ಎರಡನೇ ಪರೀಕ್ಷೆಯಲ್ಲಿ ತಟ್ಟೆ ಬಿದ್ದಾಗ ನಾನು ಆಕಳಿಸಿದೆನಂತೆ.

ನಿನ್ನೆ ಅವನನ್ನು ಒಳಗೆ ಕರೆದೊಯ್ದೆ. ಮಂಚದ ಅಂಚಿಗೆ ಗದ್ದ ಊರಿ ನಿಂತ. ಅತ್ತೆ ಎಡಗೈ ಚಾಚಿದರು. ಅವನು ಮಾತ್ರ ಮೂಗನ್ನು ಬಲಗೈ ಕೆಳಗೇ ತೂರಿಸಿದ. ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡವು, ಅವನ ಕಿವಿಯ ಹಿಂದೆ ತುರಿಸಿದವು. "ಕತ್ತೆ, ಎಷ್ಟು ದಪ್ಪ ಆಗಿದೀಯೋ!" ಎಂದು ಅತ್ತೆ ಬೈದರು. ವ್ಯಾಯಾಮದ ಹುಡುಗಿ ಕಣ್ಣೊರೆಸಿಕೊಂಡಳು. ನಾನು ಹಗ್ಗ ಹಿಡಿದಿದ್ದೆನೋ ಬಿಟ್ಟಿದ್ದೆನೋ, ನೆನಪಿಲ್ಲ.

ಇಷ್ಟೇ ವಿಷಯ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಎರಡನೇ ಸಲಕ್ಕೆ ಪಾಸಾದ ನಿಮ್ಮವಳು

ಇನ್ನೊಂದು ಮಾತು: ನೀವು ಪ್ರತಿ ಶನಿವಾರ, ನಾನು ಬರುವ ವೇಳೆ ತಪ್ಪಿಸಿ, ಬೆಳಿಗ್ಗೆಯೇ ಬಂದು ಹೋಗುತ್ತೀರೆಂದು ಅತ್ತೆ ನಿನ್ನೆ ಬಾಯಿಬಿಟ್ಟರು. ನಾವು ಹೋಗುವುದು ಸಂಜೆ. ಮಗನಿಗೆ ಒಳಗೆ ಬರಲು ಸರ್ಟಿಫಿಕೇಟ್ ಬೇಡವಂತೆ. ಗಂಡನಿಗೆ ಮಾತ್ರ ಒಂದು ಸಣ್ಣ ಪರೀಕ್ಷೆಯಿದೆ. ಪರೀಕ್ಷಕಿ ನಾನೇ, ಈಗೀಗ ಅಷ್ಟೇನೂ ಬಿಗಿಯಿಲ್ಲ.