ಇದೆ, ಕೊಡುವುದಿಲ್ಲ

ಜೂನ್ 4, ಮಂಗಳವಾರ

ಬ್ರಷ್ ತೊಳೆದೆ. ಟರ್ಪೆಂಟೈನ್ ತಳ ಕಂಡಿದೆ. ಹಲ್ಲಿನ ಡಾಕ್ಟರ ಬೋರ್ಡಿಗೆ ಇನ್ನೊಂದು ಕೋಟ್ ಬಾಕಿ. ದೊಡ್ಡಮ್ಮ ಮೇಜಿನ ಹತ್ತಿರ ದಿಂಬಿನ ಮೇಲೆ ಕೂತು ಸೀಮೆಸುಣ್ಣದಲ್ಲಿ ಅಕ್ಷರದ ಗೆರೆ ಹಾಕುತ್ತಾಳೆ, ನಾನು ಬಣ್ಣ ತುಂಬುತ್ತೇನೆ. ಅವಳು ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ನಮ್ಮ ಕೆಲಸ ಹೀಗೆ. ಅವಳಿಗೆ ಕೈ ಇದೆ, ನನಗೆ ಕಾಲಿದೆ. ಮಾತ್ರೆ ನುಂಗಿದರೆ ಒಂದು ಮಧ್ಯಾಹ್ನ ಪೂರ್ತಿ ಕೂರಬಲ್ಲಳು. ಇಲ್ಲದಿದ್ದರೆ ಮಲಗುವುದಕ್ಕೂ ಆಗುವುದಿಲ್ಲ.

ಸಂಜೆ ಡಾಕ್ಟರ ಚೀಟಿ ಹಿಡಿದು ಮೂಲೆಯ ಮೆಡಿಕಲ್ಸ್‌ಗೆ ಹೋದೆ. ಪ್ರತಿ ತಿಂಗಳೂ ಹೋಗುವ ಹಾಗೆ. ಅಂಗಡಿಯ ಯಜಮಾನರು, ದಪ್ಪ ಕನ್ನಡಕದವರು, ಈ ಸಲ ಚೀಟಿಯನ್ನು ಬೆಳಕಿಗೆ ಹಿಡಿದರು. ಖೋಟಾ ನೋಟು ನೋಡುವ ಹಾಗೆ.

"ನಿಮ್ಮ ದೊಡ್ಡಮ್ಮ ಯಾವತ್ತಾದ್ರೂ ಬರೆದಿದ್ದಕ್ಕಿಂತ ಜಾಸ್ತಿ ತಗೊಂಡಿದ್ದಾರಾ?"

"ಒಂದ್ಸಲ. ಬಚ್ಚಲಲ್ಲಿ ಜಾರಿದ ದಿನ ಅರ್ಧ ಮಾತ್ರೆ ಹೆಚ್ಚಿಗೆ ತಗೊಂಡ್ರು. ಡಾಕ್ಟರಿಗೂ ಹೇಳಿದ್ವಿ."

ಚೀಟಿ ಮಡಚಿ ವಾಪಸ್ ಕೊಟ್ಟರು. "ಸ್ಟಾಕ್ ಇಲ್ಲಮ್ಮ."

"ಹಿಂದಿನ ಬೀರುವಲ್ಲಿ ಇದೆಯಲ್ಲ ಸರ್. ಹೋದ ತಿಂಗಳು ಅಲ್ಲಿಂದಲೇ ತೆಗೆದುಕೊಟ್ರಿ."

"ಇಲ್ಲ ಅಂದ್ನಲ್ಲ."

ಕೇಳಿದ್ದಕ್ಕೆ ನಿಜ ಹೇಳಿದೆ. ಬೇರೆ ತಪ್ಪೇನೂ ಮಾಡಿಲ್ಲ. ಶಾಲೆ ಬಿಟ್ಟದ್ದೂ ಹೀಗೇ — ಪರೀಕ್ಷೆಯಲ್ಲಿ ಮೇಷ್ಟ್ರು ಉತ್ತರ ಹೇಳಿಕೊಟ್ಟರಾ ಎಂದು ಮೇಲಿನವರು ಬಂದು ಕೇಳಿದರು. ಹೌದು ಎಂದೆ. ಆಮೇಲೆ ಆ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವರೇ ಇರಲಿಲ್ಲ.

ಮನೆಗೆ ಬಂದು ಹೇಳಿದೆ. ದೊಡ್ಡಮ್ಮ ಬೈಯಲಿಲ್ಲ. "ನನ್ನ ಗರಗಸವೇ," ಎಂದಳು. "ಒಂದಿನಾನಾದ್ರೂ ಸುಮ್ನಿರೋಕೆ ಆಗಲ್ವೇನೇ ನಿನ್ನ ಬಾಯಿಗೆ?" ಡಬ್ಬಿ ಅಲ್ಲಾಡಿಸಿ ನೋಡಿದಳು. ಸದ್ದು ತೆಳುವಾಗಿತ್ತು.

ಜೂನ್ 5

ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿದೆ. ಪಾಪ, ಒಳ್ಳೆಯವರು. ಅವರೇ ಅಂಗಡಿಗೆ ಮಾತಾಡಿದರು. ಅವರಿಗೂ ಅದೇ ಉತ್ತರ, ಸ್ಟಾಕ್ ಇಲ್ಲ. "ಒಮ್ಮೆಲೇ ನಿಲ್ಲಿಸೋ ಮಾತ್ರೆ ಅಲ್ಲಮ್ಮ ಅದು, ಮೈಗೆ ಬೇರೆ ತೊಂದರೆ ಆಗುತ್ತೆ. ಬೇರೆ ಕಡೆ ಪ್ರಯತ್ನ ಮಾಡು."

ಮಾಡಿದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ "ಹೊಸಬರಿಗೆ ಕೊಡಲ್ಲ, ಯಾವಾಗ್ಲೂ ತಗೊಳ್ಳೋ ಕಡೆನೇ ಹೋಗಿ" ಎಂದರು. ಅಲ್ಲಿ ಕೊಡ್ತಿಲ್ಲ ಎಂದೆ. "ಹಾಗಾದ್ರೆ ಏನೋ ಕಾರಣ ಇರಬೇಕು." ಆಸ್ಪತ್ರೆ ಎದುರಿನ ಅಂಗಡಿಯ ಹುಡುಗಿ ಚೀಟಿ ಓದುವ ಮೊದಲೇ ತಲೆ ಅಲ್ಲಾಡಿಸಿದಳು. ಇನ್ನೊಬ್ಬ ನನ್ನ ಕೈಯ ಬಣ್ಣದ ಕಲೆ ನೋಡಿದ, ಮುಖ ನೋಡಿದ, ಹಿಂದೆ ನಿಂತವರಿಗೆ ಕೇಳಿಸುವಂತೆ "ಇದೆಲ್ಲ ಇಲ್ಲಿ ನಡೆಯಲ್ಲ" ಎಂದ.

ಏನು ನಡೆಯುವುದಿಲ್ಲ? ಬೆನ್ನು ನೋಯುವುದಾ?

ಜೂನ್ 8, ಶನಿವಾರ

ಎರಡು ದಿನ ಬರೆಯಲಾಗಲಿಲ್ಲ. ಮಾತ್ರೆ ಮುಗಿಯಿತು.

ದೊಡ್ಡಮ್ಮ ಬೆವರುತ್ತಾಳೆ, ನಡುಗುತ್ತಾಳೆ. ಹಾಲಿನಲ್ಲಿ ಬ್ರೆಡ್ ಅದ್ದಿ ಕೊಟ್ಟರೆ ನಿಲ್ಲುವುದಿಲ್ಲ, ವಾಂತಿ. ಬಲಗಾಲು ಹಾಸಿಗೆಯಲ್ಲಿ ತಾನೇ ಎಗರುತ್ತದೆ. ಬೆನ್ನಿನೊಳಗೆ ಯಾರೋ ಬಿಸಿ ತಂತಿ ಎಳೆಯುತ್ತಿದ್ದಾರೆ ಎನ್ನುತ್ತಾಳೆ. ಕಿರುಚುವುದಿಲ್ಲ. ದಿಂಬಿನ ಮೂಲೆ ಕಚ್ಚಿ ಹಿಡಿದಿರುತ್ತಾಳೆ. ಹಲ್ಲಿನ ಡಾಕ್ಟರು ಬೋರ್ಡ್ ಯಾವಾಗ ಎಂದು ಆಳು ಕಳಿಸಿದ್ದರು. "ಹಲ್ಲು ಕಚ್ಚಿಕೊಂಡಿದ್ದೀನಿ, ಬೇಕಾದ್ರೆ ಬಂದು ನೋಡ್ಕೊಂಡು ಹೋಗಲಿ ಅನ್ನು," ಎಂದಳು. ಇಬ್ಬರೂ ನಕ್ಕೆವು. ನಗುವಿನ ನಡುವೆಯೇ ಅವಳ ಮುಖ ಕಿವುಚಿಕೊಂಡಿತು. ನನಗೆ ಏನನ್ನಾದರೂ ಒಡೆಯಬೇಕೆನಿಸಿತು.

ಜೂನ್ 9, ಮಧ್ಯಾಹ್ನ

ಮತ್ತೆ ಹೋದೆ. ಜನ ಕಡಿಮೆಯಾಗುವವರೆಗೂ ಕಾದೆ.

"ಸರ್, ಬೇಡಿಕೊಳ್ತೀನಿ. ನಾಲ್ಕು ದಿನಕ್ಕಾದ್ರೂ ಕೊಡಿ."

"ನೋಡಮ್ಮ, ಇದು ನೋವಲ್ಲ, ಚಟ. ನಿಮ್ಮ ದೊಡ್ಡಮ್ಮನಿಗೆ ನೀನೇ ಬುದ್ಧಿ ಹೇಳ್ಬೇಕು."

"ನೀವು ಅವರನ್ನ ನೋಡಿದ್ದೀರಾ?"

"ನೋಡೋದೇನಿದೆ. ಇಂಥವ್ರು ಬೇಕಾದಷ್ಟು ಜನ ಬರ್ತಾರೆ. ಪಕ್ಕದ ರಸ್ತೆಯವನ ಲೈಸೆನ್ಸ್ ಹೋಯ್ತು, ಗೊತ್ತಾ? ನನ್ನದು ಹೋದ್ರೆ ನನ್ನ ಮನೆಗೆ ನೀನು ಅನ್ನ ಹಾಕ್ತೀಯಾ?"

ಅವರ ತಲೆಯ ಮೇಲಿರುವ ಬೋರ್ಡು ದೊಡ್ಡಮ್ಮ ಬರೆದದ್ದು. ಬೀಳುವ ಹಿಂದಿನ ವರ್ಷ. ಅಕ್ಷರ ಇನ್ನೂ ಮಾಸಿಲ್ಲ. ಅದನ್ನೂ ಹೇಳಿದೆ. ಕನ್ನಡಕದವರ ಮುಖ ಅರಳಿತು.

"ಓ, ನೀವು ಪೇಂಟರಾ? ಹಾಗಾದ್ರೆ ಒಂದು ಕೆಲ್ಸ ಮಾಡ್ಕೊಡು. ಮುಂದಿನ ಗಾಜಿನ ಮೇಲೆ 'ಬಲವಾದ ನೋವಿನ ಮಾತ್ರೆ ಇಲ್ಲಿ ಇಲ್ಲ' ಅಂತ ಬರೀಬೇಕು. ದಿನಾ ಇದೇ ಗೋಳು, ಎಲ್ಲರಿಗೂ ಹೇಳಿ ಹೇಳಿ ನನಗೂ ಸಾಕಾಗಿದೆ. ಬರೆದುಕೊಡು, ನಿನ್ನ ವಿಷಯ ಆಮೇಲೆ ನೋಡೋಣ."

ನೋಡೋಣ. ಆ ಮಾತನ್ನು ದಾರಿಯುದ್ದಕ್ಕೂ ಅಗಿದೆ.

ಸಂಜೆ

ದೊಡ್ಡಮ್ಮ ಬರೆಯಲೇಬೇಕು ಎನ್ನುತ್ತಾಳೆ.

"ಸುಳ್ಳು ಕಣೇ ಅದು," ಎಂದೆ. "ಬೀರು ತುಂಬಾ ಇದೆ."

"ಇದ್ರೇನು? ಬೋರ್ಡಿನವರು ಬೋರ್ಡಿಗೆ ಜವಾಬ್ದಾರರಲ್ಲ. ಜಗತ್ತಿನಲ್ಲೇ ಅತ್ಯುತ್ತಮ ಅಂತ ಎಷ್ಟು ಟೈಲರ್ ಅಂಗಡಿಗೆ ಬರೆದಿಲ್ಲ ನಾನು? ಒಬ್ಬನಿಗೂ ಕಾಲರ್ ನೆಟ್ಟಗೆ ಹೊಲಿಯೋಕೆ ಬರ್ತಿರಲಿಲ್ಲ."

"ಅದು ಬಡಾಯಿ. ಇದು ಸುಳ್ಳು."

ಅವಳು ನನ್ನ ಕೈ ಹಿಡಿದಳು. ಅಂಗೈ ತಣ್ಣಗೆ, ಒದ್ದೆ. "ನೋಡೋಣ ಅಂದಿದ್ದಾರಲ್ಲ. ಬರೀ ಮಗಳೇ. ನನಗೋಸ್ಕರ ಒಂದ್ಸಲ ಸುಳ್ಳು ಬರೀ."

ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ಆಯಿತು ಎಂದೆ.

ಜೂನ್ 10, ಸೋಮವಾರ

ಬೆಳಿಗ್ಗೆ ಹೋಗಿ ಗಾಜು ಒರೆಸಿದೆ. ಗಾಜಿನ ಕೆಲಸ ಒಳಗಿನಿಂದ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಬರೆಯಬೇಕು, ಬೀದಿಯಿಂದ ನೋಡುವವರಿಗೆ ಸರಿಯಾಗಿ ಕಾಣುತ್ತದೆ. ಹಳದಿಯಲ್ಲಿ ಅಕ್ಷರ, ಅದು ಒಣಗಿದ ಮೇಲೆ ಹಿಂದಿನಿಂದ ಪೂರ್ತಿ ಕಪ್ಪು ಬಳಿಯುವುದು. ಒಳಗೆ ನಿಂತವರಿಗೆ ಬರೀ ಕಪ್ಪು ಪಟ್ಟಿ. ದೊಡ್ಡಮ್ಮ ಕಲಿಸಿದ ಕೆಲಸಗಳಲ್ಲಿ ನನಗೆ ಬಲು ಇಷ್ಟದ್ದು.

ನಿಜವಾಗಿಯೂ ಅವರು ಹೇಳಿದ್ದನ್ನೇ ಬರೆಯಬೇಕೆಂದಿದ್ದೆ. 'ಬಲವಾದ ನೋವಿನ ಮಾತ್ರೆ' ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಸ್ಕೂಲ್ ಬಸ್ಸಿನ ಡ್ರೈವರಣ್ಣ ಬಂದರು. ದೊಡ್ಡ ಆಳು, ಒಂದು ಭುಜ ಕುಸಿದಿದೆ. ಚೀಟಿ ಚಾಚಿದರು. ಅದೇ ಪ್ರಶ್ನೆ, ಅದೇ ಸ್ಟಾಕ್ ಇಲ್ಲ. ಅಣ್ಣ ಜಗಳವಾಡಲಿಲ್ಲ. "ನಾಳೆ ಬರ್ತೀನಿ ಸರ್," ಎಂದರು, ಬಾಗಿಲು ತೆಗೆಯಲು ಕೈ ಎತ್ತಲಾಗದೆ ಸೊಂಟದಿಂದ ತಳ್ಳಿಕೊಂಡು ಹೋದರು.

ಅವರು ರಸ್ತೆ ದಾಟುವುದಕ್ಕೂ ಮೊದಲು ಕನ್ನಡಕದವನು ಬೀರು ತೆಗೆದ. ಹೊಸ ಪೆಟ್ಟಿಗೆ ಒಳಗಿಡಲು. ನನ್ನ ಕಣ್ಣೆದುರೇ. ಅದೇ ಮಾತ್ರೆ — ಆ ನೀಲಿ ಪೆಟ್ಟಿಗೆ ನನಗೆ ಗೊತ್ತಿಲ್ಲವೇ. ಅಲ್ಲಿ ಜಾಗವಿಲ್ಲದೆ ಒತ್ತಿ ಒತ್ತಿ ತುರುಕಿದ. ನಾನು ಅಲ್ಲಿದ್ದೇನೆ ಎಂಬುದೇ ಲೆಕ್ಕಕ್ಕಿಲ್ಲ, ಏಣಿಗೂ ನನಗೂ ವ್ಯತ್ಯಾಸವಿಲ್ಲ.

ಕೈ ತಾನಾಗಿಯೇ ಬರೆಯಿತು ಎಂದರೆ ಸುಳ್ಳಾಗುತ್ತದೆ. ಯೋಚಿಸಿಯೇ ಬರೆದೆ.

ಬಲವಾದ ನೋವಿನ ಮಾತ್ರೆ ಇದೆ. ಕೊಡುವುದಿಲ್ಲ.

ಮಧ್ಯಾಹ್ನದವರೆಗೆ ಒಣಗಲು ಬಿಟ್ಟು ಕಪ್ಪು ಬಳಿದೆ. ಒಳಗಿನಿಂದ ನೋಡಿ "ಅಚ್ಚುಕಟ್ಟಾಗಿದೆ," ಎಂದ.

"ನಮ್ಮ ಮಾತ್ರೆ ಸರ್?"

"ಮುಂದಿನ ವಾರ ಬಾ, ನೋಡೋಣ."

ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗೋಡೆ ಕಡೆ ತಿರುಗಿಕೊಂಡಳು.

"ಮುಂದಿನ ವಾರಕ್ಕೂ ಕಲ್ಲು ಹಾಕಿದೆಯಲ್ಲೇ."

ಬಟ್ಟೆ ಒದ್ದೆ ಮಾಡಿ ಅವಳ ಕುತ್ತಿಗೆಯ ಬೆವರು ಒರೆಸಿದೆ.

ಜೂನ್ 11, ಮಂಗಳವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಡ್ರೈವರಣ್ಣ ಮನೆ ಹುಡುಕಿಕೊಂಡು ಬಂದರು. "ಗಾಜಿನ ಮೇಲೆ ಬರೆದದ್ದು ನೀನೇನಮ್ಮ?" ಹೌದು ಎಂದೆ. "ಬಾ, ಅಲ್ಲಿ ಜನ ಸೇರಿದ್ದಾರೆ. ಅಂಗಡಿಯವನು ಹೊರಗೆ ಬಂದು ಓದಿದ."

ಒಳಗಿನಿಂದ ದೊಡ್ಡಮ್ಮ ಕೂಗಿದಳು. "ನನ್ನನ್ನೂ ಕರ್ಕೊಂಡು ಹೋಗು."

"ಹೆಂಗೇ ಬರ್ತೀಯಾ? ಕೂರೋಕಾಗಲ್ಲ."

"ಬಣ್ಣದ ಗಾಡಿ ಇದೆಯಲ್ಲ. ಡಬ್ಬಿ ಇಳಿಸು, ನನ್ನ ಹತ್ತಿಸು. ನಾನೂ ಹಳೇ ಡಬ್ಬಿನೇ."

ತಳ್ಳುಗಾಡಿಯಲ್ಲಿ ಹಾಸಿಗೆ ಹಾಸಿ ಮಲಗಿಸಿದೆವು. ಪ್ರತಿ ಹಳ್ಳಕ್ಕೂ ಅವಳ ಉಗುರು ನನ್ನ ತೋಳಿಗೆ ಇಳಿಯಿತು. ಅಂಗಡಿ ಮುಂದೆ ಹತ್ತಾರು ಜನ. ಕುಳಿತಿದ್ದವರೇ ಹೆಚ್ಚು. ನಿಲ್ಲಲಾಗದವರು. ಇಷ್ಟು ಜನ ಇದ್ದಾರೆಂದು ಗೊತ್ತಿರಲಿಲ್ಲ, ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡು ಒಬ್ಬೊಬ್ಬರಾಗಿಯೇ ವಾಪಸ್ ಹೋಗಿದ್ದವರು.

ಒಳಗೆ ಕನ್ನಡಕದವನು ಬ್ಲೇಡಿನಲ್ಲಿ ಬಣ್ಣ ಕೆರೆಯುತ್ತಿದ್ದ. ನನ್ನನ್ನು ನೋಡಿದ್ದೇ ಬ್ಲೇಡ್ ಚಾಚಿದ. "ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೀನಿ. ಹೇಳಿದ್ದೇನು, ಬರೆದಿದ್ದೇನು?"

"ಹೇಳಿದ್ದು ಸುಳ್ಳು. ಬರೆದಿದ್ದರಲ್ಲಿ ಯಾವುದು ಸುಳ್ಳು ತೋರಿಸಿ, ನಾನೇ ಅಳಿಸ್ತೀನಿ."

ಅಷ್ಟರಲ್ಲಿ ಡ್ರೈವರಣ್ಣನ ಒಳ್ಳೆಯ ಭುಜ ಹಿಡಿದು ದೊಡ್ಡಮ್ಮ ಒಳಗೆ ಬಂದಳು.

"ಇವರು ಯಾರು?"

"ಚಟ," ಎಂದೆ. "ನೋಡೋದೇನಿದೆ ಅಂದ್ರಲ್ಲ. ನೋಡಿ."

ದೊಡ್ಡಮ್ಮ ಅವನನ್ನು ನೋಡಲೇ ಇಲ್ಲ. ಗಾಜು ನೋಡಿದಳು. "ಬ್ಲೇಡ್ ಹಾಗೆ ಹಿಡಿಬಾರದು ಸರ್, ಗಾಜು ಗೀರುತ್ತೆ. ಕೊಡಿ ಇಲ್ಲಿ." ಕೈಗೆ ತೆಗೆದುಕೊಂಡು ಓರೆಯಾಗಿ ಒತ್ತಿದಳು. ಒಂದು ಎಳೆ ಬಣ್ಣ ಸುರುಳಿಯಾಗಿ ಎದ್ದಿತು, ನೀಟಾಗಿ. ಇನ್ನೊಂದು ಎಳೆಯುವಾಗ ಕಾಲು ಎಗರಿತು. ಬ್ಲೇಡ್ ಬಿತ್ತು. ಅವಳೂ. ಔಷಧಿಯ ವಾಸನೆಯ ಆ ನೆಲದ ಮೇಲೆ ಮೊಣಕಾಲು ಮಡಚಿ ಬಿದ್ದು, ತನ್ನ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಸದ್ದು ಹೊರಗೆ ಬರಬಾರದೆಂದು.

ಕನ್ನಡಕದವನು ಬಗ್ಗಿ, ಬಗ್ಗಿದವನು ಹಾಗೆಯೇ ನಿಂತ. ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ ಅವನಿಗೆ.

"ಯಾವಾಗಲೂ ಹೀಗೇನಾ?" ನನ್ನನ್ನು ಕೇಳಿದ, ಮೆಲ್ಲಗೆ.

"ಮಾತ್ರೆ ಇದ್ರೆ ಇಲ್ಲ."

"ನಂದೂ ಭಯನಮ್ಮ..."

ದೊಡ್ಡಮ್ಮ ಸೆರಗು ತೆಗೆದಳು. "ಭಯ ನಿಮ್ಮದು. ನನ್ನ ಬೆನ್ನಿಗೆ ಯಾಕೆ ಹೊರಿಸ್ತೀರಿ? ಅದಕ್ಕೆ ಅದರದ್ದೇ ಹೊರೆ ಬೇಕಾದಷ್ಟಿದೆ."

ಸೊಂಟದ ಬೀಗದ ಕೈ ತೆಗೆದ. ಬೀರು ತೆರೆದ. ಚೀಟಿಯಲ್ಲಿ ಇದ್ದುದರ ಅರ್ಧ ಕೊಟ್ಟ. ಡ್ರೈವರಣ್ಣನಿಗೂ ಅರ್ಧ. ಹೊರಗಿದ್ದವರಿಗೆ ನಾಳೆ ಬನ್ನಿ ಎಂದ.

ಅರ್ಧ. ಏನೋ ದಾನ ಮಾಡಿದ ಹಾಗೆ. ಅರ್ಧ ಬೆನ್ನಿಗಾ? ನಾನು ಕೇಳುವವಳಿದ್ದೆ. ದೊಡ್ಡಮ್ಮ ಕೈ ಚಿವುಟಿದಳು. ಸುಮ್ಮನಾದೆ.

ಜೂನ್ 13, ಗುರುವಾರ

ದೊಡ್ಡಮ್ಮ ನಿದ್ದೆ ಮಾಡಿದಳು. ಎದ್ದು ಟೀ ಕೇಳಿದಳು, ಸಕ್ಕರೆ ಕಡಿಮೆ ಎಂದು ಬೈದಳು. ದಿಂಬಿನ ಮೇಲೆ ಕೂತು ಹಲ್ಲಿನ ಡಾಕ್ಟರ ಬೋರ್ಡಿಗೆ ಗೆರೆ ಹಾಕುತ್ತಿದ್ದಾಳೆ. ನಡುಕ ಪೂರ್ತಿ ಹೋಗಿಲ್ಲ. ಅಳಿಸಿ ಮತ್ತೆ ಹಾಕುತ್ತಾಳೆ.

ಬೆಳಿಗ್ಗೆ ಆ ಕಡೆ ಹೋಗಿದ್ದೆ. ಅವನು ಕೆರೆದದ್ದು ಒಳಗಿನ ಎಡಗಡೆಯಿಂದ. ಎಂದರೆ ಬೀದಿಯಿಂದ ಓದುವವರಿಗೆ ಕೊನೆಯ ಪದ. ಅದು ಹೋಗಿದೆ. ಉಳಿದದ್ದು ಹಾಗೇ ಇದೆ. ಜನ ಓದಿ ಒಳಗೆ ಹೋಗುತ್ತಿದ್ದಾರೆ. ಅವನಿಗೆ ಕಾಣುವುದು ಕಪ್ಪು ಪಟ್ಟಿ ಮಾತ್ರ.

ಸಂಜೆ 5.20

ಫೋನ್. ಕನ್ನಡಕದವರೇ.

"ನಾಳೆ ಬಂದು ಗಾಜು ಪೂರ್ತಿ ಕ್ಲೀನ್ ಮಾಡ್ಕೊಡಮ್ಮ. ಯಾಕೋ ಬೆಳಿಗ್ಗೆಯಿಂದ ಜನ ಬರ್ತಾನೇ ಇದ್ದಾರೆ."

ಹೇಳದೆ ಇರಬಹುದಿತ್ತು. ಆಗಲಿಲ್ಲ.

"ಹೊರಗೆ ಏನು ಉಳಿದಿದೆ ಗೊತ್ತಾ ಸರ್? 'ಬಲವಾದ ನೋವಿನ ಮಾತ್ರೆ ಇದೆ.' ಅಷ್ಟೇ. ಅದನ್ನ ಕೆರೀಬೇಕಾ, ಬಿಡಬೇಕಾ? ನೀವು ಹೇಳಿ."

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ, ಪಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ಆ ಕಡೆ ಅಂಗಡಿಯ ಬಾಗಿಲು ತೆರೆದ ಸದ್ದು. ಬೀದಿಯ ಹಾರ್ನು. ಹೊರಗೆ ಹೋಗಿ ನಿಂತಿರಬೇಕು, ಓದುತ್ತಿರಬೇಕು. ದೊಡ್ಡಮ್ಮನ ಸೀಮೆಸುಣ್ಣ ಅರ್ಧ ಗೆರೆಯಲ್ಲೇ ನಿಂತಿದೆ. ಅವಳ ಕಣ್ಣು ಫೋನಿನ ಮೇಲೆ.

ಗಂಟಲು ಸರಿಮಾಡಿಕೊಂಡರು. "ನೋಡಮ್ಮ," ಎಂದರು, "ಅದು — ಹಾಗೇ ಇರಲಿ ಬಿಡು."