ಬ್ಲೇಡಿನಲ್ಲಿ ತೆಗೆದ ಕಾಲುವೆ

ಆಗಸ್ಟ್ 11, 2005. ಗುರುವಾರ. ಸಂಜೆ 6

ಲೆಟರಿಂಗ್ ಶೀಟ್ ಮತ್ತೆ ರಿಜೆಕ್ಟ್. ಮೂರನೇ ಸಲ. ಗೆರೆ ನಡುಗಿದೆಯಂತೆ. ನಡುಗಿದ್ದು ಗೆರೆಯಲ್ಲ, ನಾನು. ಫಸ್ಟ್ ಇಯರ್‌ನಲ್ಲೇ ಹೀಗಾದರೆ ಐದು ವರ್ಷ ಆರ್ಕಿಟೆಕ್ಚರ್ ಹೇಗೆ...

ಹಾಲಿನ ಮೂಲೆಯಲ್ಲಿ ಫೋಲ್ಡಿಂಗ್ ಮಂಚ. ಕೆಳಗೆ ನನ್ನ ಟ್ರಂಕು. ಐದನೇ ಕ್ಲಾಸಿನಿಂದ ಇದೇ ಟ್ರಂಕು — ಅಪ್ಪನಿಗೆ ಬ್ಯಾಂಕ್ ಟ್ರಾನ್ಸ್‌ಫರ್, ನನಗೆ ಹಾಸ್ಟೆಲ್. ಈಗ ಮದ್ರಾಸಿನಲ್ಲಿ, ಮೊದಲ ಸಲ ಮನೆಯಿಂದ ಕಾಲೇಜು. ಸ್ನಾನಕ್ಕೆ ಹೋಗುವಾಗ ಇವತ್ತೂ “ಹೋಗ್ಲಾ?” ಅಂತ ಪರ್ಮಿಷನ್ ಕೇಳಿದೆ. ಅಮ್ಮ ನಕ್ಕಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಳು.

ಅಪ್ಪ ವೇಲಚೇರಿ ಸೈಟಿನ ಪತ್ರಗಳನ್ನು ಹರಡಿಕೊಂಡು ಕೂತಿದ್ದರು. ಎಲ್ಲ ತಮಿಳು. ನಮಗಿಬ್ಬರಿಗೂ ಓದಲು ಬಾರದು. ಶನಿವಾರ ಹರಿದಾಸ ಅವರ ಹತ್ತಿರ ಹೋಗುವುದು. ಲೈಸೆನ್ಸ್ ಇರುವ ಸರ್ವೇಯರ್, ಪ್ಲಾನಿಂಗ್ ಪರ್ಮಿಷನ್ ಅರ್ಜಿ ಪೂರ್ತಿ ಅವರೇ ನೋಡಿಕೊಳ್ಳುತ್ತಾರೆ.

“ನಮ್ಮ ಕಡೆಯೋರೇ ಪುಟ್ಟಿ. ಕಣ್ಮುಚ್ಕೊಂಡು ಸೈನ್ ಹಾಕ್ಬೋದು.”

ಆಗಸ್ಟ್ 13. ಶನಿವಾರ

ಪ್ಯಾರೀಸ್ ಕಾರ್ನರ್. ಪೇಪರ್ ಅಂಗಡಿಗಳ ಓಣಿ, ಎರಡನೇ ಮಹಡಿಯಲ್ಲಿ ಹರಿದಾಸ ಅವರ ಆಫೀಸು. ಪ್ರಿಂಟ್ ತೆಗೆಯುವ ಮಷಿನ್ನಿನ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಹರಿದಾಸ ಅಂಕಲ್‌ಗೆ ಏನೂ ಆಗುವುದಿಲ್ಲ. ನಲವತ್ತು ವರ್ಷ ಮದ್ರಾಸು ಕುಡಿದ ಕನ್ನಡ ಅವರದು.

“ಮಗಳು ಆರ್ಕಿಟೆಕ್ಚರಾ? ಸೆರಿಯಾಯ್ತು! ನಮ್ಮ ಡ್ರಾಫ್ಟ್ಸ್‌ಮನ್ ಓಡ್‌ಹೋಗ್ಬಿಟ್ಟ ಸಾರ್, ದುಬಾಯ್‌ಗೆ. ಇವಳೇ ಟ್ರೇಸ್ ಮಾಡ್ಲಿ. ಸೈನ್ ನಾನು ಹಾಕ್ತೀನಿ.”

ಅಪ್ಪನ ಮುಖ ಅರಳಿತು. ನಾನು ಎಳೆದ ಗೆರೆಗಳಿಂದ ನಿಜವಾದ ಮನೆ!

ಹಿಂಬದಿಯ ರೂಮು ನನ್ನದು. ಹತ್ತು ಬೈ ಹನ್ನೊಂದು. ಅಂಕಲ್ ಅದರೊಳಗೆ ಪೆನ್ಸಿಲ್ಲಿನಲ್ಲಿ ನನ್ನ ಹೆಸರು ಬರೆದರು, ‘ಬೃಂದಾ’.

ಆಗಸ್ಟ್ 21. ಭಾನುವಾರ. ಬೆಳಗ್ಗೆ 11

ಹಳೆಯ ಸರ್ವೆ ನಕ್ಷೆಯಲ್ಲಿ ಸೈಟಿನ ಹಿಂದಿನ ಮೂಲೆಗೆ ಅಡ್ಡಲಾಗಿ ಎರಡು ಸಣ್ಣ ಗೆರೆ. ಜೋಡಿ ಗೆರೆ ಅಂದರೆ ನೀರಿನ ಕಾಲುವೆ — ಕ್ಲಾಸಿನಲ್ಲಿ ಹೇಳಿದ್ದು ಈ ವಾರವೇ. ಇದ್ದ ಹಾಗೇ ಟ್ರೇಸ್ ಮಾಡಿದೆ. ನಡುಗದೆ ಬಂತು. ಖುಷಿಯಲ್ಲಿ ಅಂಕಲ್‌ಗೆ ಫೋನ್ ಮಾಡಿದೆ.

“ಅಯ್ಯಯ್ಯೋ! ಅದು ವೆಳ್ಳೈಕಾರರ, ಬ್ರಿಟಿಷರ ಕಾಲದ್ದಮ್ಮಾ. ಎಂದೋ ಮುಚ್ಚೋಯ್ತು. ತೋರ್ಸಿದ್ರೆ ಅಷ್ಟು ಜಾಗ ಬಿಡ್ಬೇಕು, ಹಿಂದಿನ ರೂಮು ಎದ್ದೋಗುತ್ತೆ. ಯಾರ್ದು ಆ ರೂಮು?”

“ನಂದು.”

“ನೋಡು ಮತ್ತೆ!”

ಅಪ್ಪನನ್ನು ಕೇಳಿದೆ. “ಅವರಿಗೆ ಗೊತ್ತಿರುತ್ತೆ ಪುಟ್ಟಿ.”

ಅಪ್ಪನ ಶೇವಿಂಗ್ ಬ್ಲೇಡ್. ಟ್ರೇಸಿಂಗ್ ಪೇಪರಿನ ಮೇಲೆ ಓರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು ಕೆರೆದೆ. ಮಸಿ ಪುಡಿಯಾಗಿ ಬಂತು. ಊದಿದೆ. ಹೋಯಿತು. ಬೆಳಕಿಗೆ ಹಿಡಿದರೆ ಮಾತ್ರ ಅಲ್ಲಿ ತೆಳ್ಳಗಾಗಿದ್ದು ಕಾಣುತ್ತದೆ, ಮಂಜುಮಂಜು. ಪ್ರಿಂಟಿನಲ್ಲಿ ಏನೂ ಬೀಳುವುದಿಲ್ಲ.

ಸೆಪ್ಟೆಂಬರ್ 4. ಭಾನುವಾರ

ಫೈಲ್ ಸಬ್ಮಿಟ್ ಆಗಿದೆಯಂತೆ. “ಪರ್ಮಿಷನ್ ಬರೋಷ್ಟ್ರಲ್ಲಿ ಕಾಂಪೌಂಡು ಎಬ್ಬಿಸ್ಬಿಡಿ ಸಾರ್. ಇಲ್ದಿದ್ರೆ ಪಕ್ಕದೋನು ಕಲ್ಲು ನೆಟ್ಬಿಡ್ತಾನೆ” — ಹರಿದಾಸ ಅಂಕಲ್. ಇಲ್ಲಿ ಎಲ್ಲರೂ ಹಾಗೆಯೇ ಮಾಡುವುದಂತೆ. ಮೊದಲು ಗೋಡೆ, ಆಮೇಲೆ ಮನೆ.

ಮೇಸ್ತ್ರಿ ತಮ್ಮಯ್ಯ, ತಾಳವಾಡಿ ಕಡೆಯವರು. ಹೆಂಡತಿ ಸಾಕಮ್ಮ ಗಾರೆ ಕಲಸುತ್ತಾರೆ. ನನ್ನ ರೂಮು ತೋರಿಸಿ ಅಂದರೆ ಸಾಕಮ್ಮ ನೆಲದ ಮೇಲೆ ಮನೆಯ ಗುರುತಿಗೆ ಹಾಕಿದ ಸುಣ್ಣದ ಗೆರೆಯ ಮುಂದೆ ತಡೆದರು. “ಗ್ವಾಡೆ ತುಳೀಬ್ಯಾಡಿ ಅಮ್ಮಣ್ಣಿ! ಬಾಗಲು ಅಲ್ಲಿ ಅದೆ, ಸುತ್ತಾಕ್ಕಂಡು ಬನ್ನಿ.” ಸುತ್ತು ಹಾಕಿಕೊಂಡೇ ಬಂದೆ. ಒಳಗೆ ನಿಂತೆ. ನನ್ನ ರೂಮು.

ಆಮೇಲೆ ತಮ್ಮಯ್ಯ, ಮೆಲ್ಲಗೆ: “ಹಿಂದ್ಗಡೆ ಮೂಲೇಲಿ ಮಣ್ಣು ತ್ಯಾವ ಅದೆ. ನೀರು ಓಡಾಡೋ ಜಾಗ ಇದ್ದಂಗದೆ. ಗ್ವಾಡೇಲಿ ಒಂದು ಕಂಡಿ ಬುಡ್ಲಾ?”

ನನ್ನ ಕೈಯಲ್ಲಿ ಪ್ರಿಂಟ್. ಬಿಡಿಸಿ ನೋಡಿದೆ — ನೋಡುವ ಅಗತ್ಯವೇನಿತ್ತು?

“ಪ್ಲಾನಲ್ಲಿ ಇಲ್ಲ.”

ನನ್ನದೇ ದನಿ, ನಡುಗದೆ.

“ಪ್ಲಾನಲ್ಲಿ ಇಲ್ಲ ಅಂದ್ಮೇಕೆ ಇಲ್ಲ ಬುಡಿ.”

ಸಾಕಮ್ಮ ಗಂಡನನ್ನು ಛೇಡಿಸಿದರು. “ಓದ್ದೋರು ಬರ್ದವ್ರೆ. ನಿಂಗೇನು ಗೊತ್ತಾದು, ಕರಣೆ ಹಿಡ್ಕಂಡೋನ್ಗೆ?”

ಸೆಪ್ಟೆಂಬರ್ 25. ಭಾನುವಾರ

ಗೋಡೆ ಮುಗಿದಿದೆ. ಆರಡಿ. ಹಿಂದಿನ ಮೂಲೆಯಲ್ಲಿ, ಗೋಡೆಗೆ ಒರಗಿಸಿ ತಗಡಿನ ಶೆಡ್ — ತಮ್ಮಯ್ಯ, ಸಾಕಮ್ಮ ಅಲ್ಲೇ ಇರುವುದು. ನನ್ನ ರೂಮು ಬರುವ ಜಾಗದಲ್ಲಿ. ಸಾಕಮ್ಮ ಬಾಗಿಲ ಮುಂದೆ ರಂಗೋಲಿ ಹಾಕಿದ್ದರು.

ಅಪ್ಪ ಗೋಡೆಯನ್ನು ಕೈಯಿಂದ ತಟ್ಟಿ ತಟ್ಟಿ ನೋಡಿದರು, ಹಸುವಿನ ಬೆನ್ನು ತಟ್ಟುವ ಹಾಗೆ.

ಅಕ್ಟೋಬರ್ 27. ಗುರುವಾರ. ಮಧ್ಯಾಹ್ನ 2

ಕಾಲೇಜ್ ರಜೆ. ಕರೆಂಟ್ ಇಲ್ಲ. ಇಂಥ ಮಳೆ ನೋಡಿಯೇ ಇಲ್ಲ. ಬೀದಿಯಲ್ಲಿ ಮಂಡಿವರೆಗೆ ನೀರು. ವೇಲಚೇರಿ ಕಡೆ ಬಸ್ ಇಲ್ಲ. ಟ್ರಂಕಿನಿಂದ ಟ್ರೇಸಿಂಗ್ ತೆಗೆದು ಕಿಟಕಿಗೆ ಹಿಡಿದೆ. ಕೆರೆದ ಜಾಗ ಸುಲಭವಾಗಿ ಕಾಣುತ್ತದೆ. ಎರಡು ಗೆರೆ. ಮಸಿಯ ಗೆರೆಗಿಂತ ಚೆನ್ನಾಗಿ ಕಾಣುತ್ತದೆ.

ಶೆಡ್ಡಿನಲ್ಲಿರುವವರಿಗೆ ಫೋನ್ ಇಲ್ಲ.

ಅಕ್ಟೋಬರ್ 29. ಶನಿವಾರ

ವೇಲಚೇರಿ ಕೆರೆ ಕಡೆಯಿಂದ ಬಂದ ನೀರು ನಮ್ಮ ಗೋಡೆಯ ಹಿಂದೆ ನಿಂತಿದೆ. ಹೋಗಲು ದಾರಿಯಿಲ್ಲದೆ ಏರಿದೆ. ಗೋಡೆ ಒಳಕ್ಕೆ ಬಿದ್ದಿದೆ, ಶೆಡ್ಡಿನ ಮೇಲೆ. ತಮ್ಮಯ್ಯ ಒಣ ಸೌದೆ ಹುಡುಕಿಕೊಂಡು ಹೊರಗೆ ಹೋಗಿದ್ದರು.

ಸಾಕಮ್ಮ ಒಳಗಿದ್ದರು.

ನವೆಂಬರ್ 3. ಗುರುವಾರ. ಸಂಜೆ

ಐದು ದಿನ ಬರೆಯಲಾಗಲಿಲ್ಲ. ಅಮ್ಮ ಅನ್ನ ಕಲಸಿ ಬಾಯಿಗಿಟ್ಟಳು, ಚಿಕ್ಕ ಮಗುವಿಗೆ ಇಟ್ಟ ಹಾಗೆ.

ಹರಿದಾಸ ಅಂಕಲ್ ಮನೆಗೇ ಬಂದರು. ಬರುವ ಸೋಮವಾರ ಪ್ಲಾನ್ ತಂದುಕೊಡಿ ಅಂತ ಪೊಲೀಸರು ಕೇಳಿದ್ದಾರಂತೆ. ಆಗ ಗೊತ್ತಾಯಿತು — ಫೈಲ್ ಸಬ್ಮಿಟ್ ಆಗಿಯೇ ಇಲ್ಲ. ಎರಡು ತಿಂಗಳಿಂದ ಅವರ ಬೀರುವಿನಲ್ಲೇ ಕೂತಿದೆ.

ಅಪ್ಪ ಎದ್ದು ನಿಂತರು. “ಫೈಲ್ ಮೂವ್ ಆಗ್ತಿದೆ ಅಂದ್ರಲ್ಲ ಹರಿದಾಸ್?”

“ಒಳ್ಳೇದೇ ಆಯ್ತು ಸಾರ್, ಕೂತ್ಕೊಳ್ಳಿ. ಹೊರಗಿನೋರು ಯಾರೂ ನೋಡಿಲ್ಲ. ನಿಮ್ಮ ಮಗಳು ಆ ಎರಡು ಗೆರೆ ವಾಪಸ್ ಎಳೆದುಬಿಡ್ಲಿ. ಕಾಂಪೌಂಡು ಆ ಗೆರೆಗೆ ಮುಂಚೇನೇ ನಿಲ್ಲೋ ಹಾಗೆ. ಡೇಟು ಆಗಸ್ಟೇ ಇರ್ಲಿ. ಪ್ಲಾನಲ್ಲಿ ಕಾಲುವೆ ತೋರ್ಸಿದ್ವಿ, ಮೇಸ್ತ್ರಿ ನೋಡ್ದೆ ಕಟ್ಬಿಟ್ಟ. ಮುಗೀತು.”

“ಅವರ ಹೆಂಡತಿ ಸತ್ತಿದ್ದಾರೆ,” ಅಂದೆ.

“ಅದಕ್ಕೇ ಹೇಳ್ತಿರೋದು. ಕಟ್ಕೊಂಡವಳು ಸತ್ತಿರೋನ ಮೇಲೆ ಯಾರೂ ಜಾಸ್ತಿ ಎಳೆದಾಡಲ್ಲ. ನಿಂಗೆ ಹದಿನೆಂಟು ಆಯ್ತಲ್ಲಾ? ಆಯ್ತು. ಕೇಸು ನಿನ್ನ ಮೇಲೂ ಬೀಳುತ್ತೆ, ಅದನ್ನೂ ಯೋಚ್ನೆ ಮಾಡು.”

ಅವರು ಹೋದ ಮೇಲೆ ಅಪ್ಪ ಸೈಟಿನ ಪತ್ರಗಳನ್ನು ಒಂದೊಂದಾಗಿ ಮಡಿಸಿಟ್ಟರು. ಕೊನೆಗೆ, ನನ್ನನ್ನು ನೋಡದೆ — “ಅವರು ಹೇಳಿದ ಹಾಗೆ ಮಾಡ್ಬಿಡು ಪುಟ್ಟಿ.”

ನವೆಂಬರ್ 6. ಭಾನುವಾರ. ಬೆಳಗ್ಗೆ 10

ಬೋರ್ಡಿನ ಮೇಲೆ ಟ್ರೇಸಿಂಗ್. ಪೆನ್ನಿಗೆ ಮಸಿ ತುಂಬಿದೆ. ಮೊದಲ ಗೆರೆ ಒಂದಿಂಚು ಎಳೆದೆ. ಕೆರೆದ ಪೇಪರ್ ಮಸಿ ಹಿಡಿಯುವುದಿಲ್ಲ. ಎರಡೂ ಕಡೆಗೆ ಹರಡಿಕೊಂಡಿತು. ಹೊಸ ಹಾಳೆಯಲ್ಲಿ ಮಾಡಬೇಕು. ಒಂದು ಗಂಟೆಯ ಕೆಲಸ. ನಾಳೆ ಅಂಕಲ್ ಬರುತ್ತಾರೆ.

10.40

ಗೇಟಿನಲ್ಲಿ ತಮ್ಮಯ್ಯ. ಅಮ್ಮ ಒಳಗೆ ಕರೆದರೂ ಬರಲಿಲ್ಲ. ಮೆಟ್ಟಿಲ ಮೇಲೆ ಕೂತರು. ನನ್ನನ್ನೇ ಕೇಳಿಕೊಂಡು ಬಂದದ್ದಂತೆ.

“ಸಿಮೆಂಟ್ ಮಾಲು ನಾ ಕಮ್ಮಿ ಹಾಕ್ನಿಲ್ಲ ಅಮ್ಮಣ್ಣಿ. ಕಲ್ಸಿದ್ದು ಅವಳೇಯ. ಅವಳು ಕಮ್ಮಿ ಕಲ್ಸೋ ಹೆಂಗ್ಸಲ್ಲ.”

ನಾನು ಬಾಗಿಲಲ್ಲಿ ನಿಂತೇ ಇದ್ದೆ.

“ಆ ಸರ್ವೇಯರ್ರು ಅಂದ್ರು, ಪ್ಲಾನಲ್ಲಿ ಕಾಲ್ವೆ ಇತ್ತಂತೆ. ನಾನೇ ನೋಡ್ನಿಲ್ವಂತೆ. ನಾ ಕೇಳ್ದೆ, ನೀವು ಇಲ್ಲ ಅಂದ್ರಿ ಅಂತ ನ್ಯಾಪಕ ನಂಗೆ. ಅವಳೋದ್ಮೇಕೆ ತಲೆ ಕೆಟ್ಟದೋ ಏನೋ. ನೀವು ಓದ್ದೋರು. ನಿಮ್ಮ ಬಾಯಲ್ಲಿ ಬಂದ್ರೆ ಒಪ್ಕತೀನಿ. ನನ್ ಗ್ವಾಡೆನೇ ಅವಳ್ನ ತಿಂದದೆ ಅಂತ ಒಪ್ಕಂಡ್ಬುಡ್ತೀನಿ.”

“ಒಂದ್ನಿಮಿಷ” ಅಂದು ಒಳಗೆ ಬಂದೆ. ಹೇಡಿ. ಐದನೇ ಕ್ಲಾಸಿನಿಂದಲೂ ಹೀಗೆ — ವಾರ್ಡನ್ ಎದುರು ಮಾತು ಬರುವುದಿಲ್ಲ, ಮೊದಲು ಬರೆದುಕೊಳ್ಳಬೇಕು.

ಅಪ್ಪ ಒಳಗಿನಿಂದ: “ಆಯ್ತಾ ಪುಟ್ಟಿ?”

ಟ್ರೇಸಿಂಗ್ ಸುತ್ತಿ ಕೈಯಲ್ಲಿ ಹಿಡಿದಿದ್ದೇನೆ. ಬಿಸಿಲು ಬಂದಿದೆ. ಬಿಸಿಲಿಗೆ ಹಿಡಿದರೆ ಅವರಿಗೂ ಕಾಣುತ್ತದೆ, ಓದು ಬೇಕಾಗಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಒಂದು ಸಲ ಬರೆದು, ಹಾಗೇ ಹೋಗಿ ಹೇಳುವುದು. ನಡುಗದೆ.

ತಮ್ಮಯ್ಯ, ನಿಮ್ಮ ನೆನಪು ಸರಿ. ನೀವು ಕೇಳಿದಿರಿ. ಇಲ್ಲ ಅಂದವಳು ನಾನು. ಆ ಗೆರೆಗಳನ್ನು ಬ್ಲೇಡಿನಲ್ಲಿ ಕೆರೆದವಳೂ ನಾನೇ. ಇಷ್ಟು ಸಾಕು, ಹೋಗುತ್ತೇನೆ.